ಡ್ರಾಯರಿನಲ್ಲಿದ್ದ ಹತ್ತೊಂಬತ್ತು ಕನ್ನಡಕ

ಕನ್ನಡಕದವನು ಸುಳ್ಳು ಹೇಳುತ್ತಾನೆ ಎಂದು ಯಾರಾದರೂ ಅಂದಿದ್ದರೆ, ಆ ಬೀದಿಯವರು ಅಂದವನ ಬಾಯಿಯನ್ನೇ ಮುಚ್ಚಿಸುತ್ತಿದ್ದರು. ಅಂಥ ಮನುಷ್ಯ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂದಲೆಳೆಯಷ್ಟು ಓರೆಯಾಗಿ ಕೂತರೂ ಹೋಗುವವರನ್ನು ಕರೆದು ಕೂರಿಸಿ, ಕಡ್ಡಿ ಬಿಸಿ ಮಾಡಿ ಬಗ್ಗಿಸಿ, ಕನ್ನಡಿ ಹಿಡಿದು ತೋರಿಸಿಯೇ ಕಳಿಸುತ್ತಿದ್ದ. ಬೇಕರಿಗೂ ಸೈಕಲ್ ರಿಪೇರಿಗೂ ನಡುವೆ ಸಿಕ್ಕಿಕೊಂಡಿದ್ದ ಆ ಸಣ್ಣ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಹೀಗೇ ಕಳೆದಿದ್ದ. ಇಂಥವನು ಎರಡು ವರ್ಷ ಸತತವಾಗಿ ಸುಳ್ಳು ಹೇಳಿದ ಎಂದರೆ ನಂಬುತ್ತೀರಾ? ಅವನ ಹೆಂಡತಿಯೇ ನಂಬಿರಲಿಲ್ಲ.

ಶುರುವಾಗಿದ್ದು ಒಬ್ಬ ಬಸ್ ಡ್ರೈವರ್‌ನಿಂದ. ಪಾಪ, ಡ್ರೈವರ್‌ನದೇನೂ ತಪ್ಪಿಲ್ಲ. ಲೆನ್ಸುಗಳು ಬಂದಾಗ ಒಂದರ ಮೇಲೆ ‘ಎ’, ಇನ್ನೊಂದರ ಮೇಲೆ ‘ಬ’ ಎಂದು ಪೆನ್ನಿನಲ್ಲಿ ಗುರುತು ಹಾಕಿ, ಅಂಚು ತಿಕ್ಕಿ, ಫ್ರೇಮಿಗೆ ಕೂರಿಸಿದ ಮೇಲೆಯೇ ಗುರುತು ಒರೆಸಬೇಕು. ಅವತ್ತು ಫೋನ್ ಬಂತೆಂದು ಮಾತಾಡುತ್ತಾ ಮಾತಾಡುತ್ತಾ ಮೊದಲೇ ಒರೆಸಿಬಿಟ್ಟ. ಎಡಗಣ್ಣಿನದು ಬಲಕ್ಕೆ ಕೂತಿತು. ಅರ್ಧ ಗಂಟೆಯಲ್ಲಿ ಡ್ರೈವರ್ ತಲೆ ಹಿಡಿದುಕೊಂಡು ವಾಪಸ್ ಬಂದ. ಅಂಗಡಿಯಲ್ಲಿ ಐದಾರು ಜನ ಇದ್ದರು.

“ಊರಿಗೆಲ್ಲ ಕಣ್ಣು ಕೊಡೋ ನೀನೇ ಕುರುಡಾದ್ರೆ ಹೇಗಪ್ಪಾ? ಇದನ್ನ ಹಾಕ್ಕೊಂಡು ಬಸ್ ಹತ್ತಿದ್ದಿದ್ರೆ ನಲವತ್ತು ಜನರ ಗತಿ?”

ಹತ್ತೇ ನಿಮಿಷದಲ್ಲಿ ಸರಿ ಮಾಡಿ ಕೊಟ್ಟ. ಡ್ರೈವರ್ ಅದನ್ನು ಅಲ್ಲೇ ಮರೆತ, ಮುಂದಿನ ತಿಂಗಳು ಹೆಂಡತಿಯನ್ನೂ ಕರೆದುಕೊಂಡು ಬಂದ. ಆದರೆ ಕನ್ನಡಕದವನ ತಲೆಯೊಳಗೆ ಆ ಬಸ್ಸು ಹೊರಟೇಬಿಟ್ಟಿತ್ತು. ನಲವತ್ತು ಜನ ಅದರಲ್ಲಿ ಕೂತಿದ್ದರು.

ಅಲ್ಲಿಂದ ಮುಂದೆ ಪ್ರತಿ ಕನ್ನಡಕವನ್ನೂ ಪವರ್ ಅಳೆಯುವ ಮೆಷಿನ್ನಿನಡಿ ಎರಡು ಸಲ ನೋಡತೊಡಗಿದ. ಎರಡು ನಾಲ್ಕಾಯಿತು, ನಾಲ್ಕು ಹದಿನಾಲ್ಕಾಯಿತು. ಡಬ್ಬಿಗೆ ಹಾಕಿದ್ದನ್ನು ಮತ್ತೆ ತೆಗೆದು ನೋಡುವುದು, ನೋಡಿದ ಮೇಲೆ ಸರಿಯಾಗಿ ನೋಡಿದೆನಾ ಎಂದು ಇನ್ನೊಮ್ಮೆ ನೋಡುವುದು. ಒಂದು ದಿನ ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತೇ “ಆಯ್ತಾ?” ಅಂದರು. ಕನ್ನಡಕ ಕೈಯಲ್ಲೇ ಇತ್ತು. ಅದನ್ನು ಮೇಜಿನ ಕೆಳಗಿನ ಡ್ರಾಯರಿಗೆ ಜಾರಿಸಿ, “ಲೆನ್ಸ್ ಇನ್ನೂ ಬಂದಿಲ್ಲ ಸಾರ್” ಅಂದ. ಅವರು ಹೋದರು. ಅಬ್ಬಾ, ಎಂಥ ನಿರಾಳ! ಆ ನಿರಾಳವೇ ಅವನನ್ನು ಹಾಳು ಮಾಡಿದ್ದು. ಆಮೇಲೆ ಭಯವಾದಾಗಲೆಲ್ಲ ಅದೇ ಡ್ರಾಯರು, ಅದೇ ಮಾತು.

ಕೆಲವರ ಕನ್ನಡಕ ಹೇಗೋ ಧೈರ್ಯ ಮಾಡಿ ತಡವಾಗಿ ಕೊಡುತ್ತಿದ್ದ. ಉಳಿದವರು ಬೇಸತ್ತು ಬೇರೆ ಕಡೆ ಹೋಗುತ್ತಿದ್ದರು. ಯಾರಾದರೂ ತಮಾಷೆಗೆ “ಏನಪ್ಪಾ, ಲೆನ್ಸ್ ನಡ್ಕೊಂಡು ಬರ್ತಿದ್ಯಾ?” ಅಂದರೂ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನ ಕೈ ಡ್ರಾಯರಿನ ಹಿಡಿಯ ಮೇಲೆ ಹೋಗುತ್ತಿತ್ತು.

ಹೆಂಡತಿ ಒಂದು ಮಧ್ಯಾಹ್ನ ಕತ್ತರಿ ಹುಡುಕುತ್ತಾ ಆ ಡ್ರಾಯರು ಎಳೆದಳು. ಒಂದೊಂದಾಗಿ ಮೇಜಿನ ಮೇಲೆ ಇಟ್ಟಳು. ಹತ್ತೊಂಬತ್ತು. ಒಂದೊಂದಕ್ಕೂ ಚೀಟಿ, ಚೀಟಿಯ ಮೇಲೆ ತಾರೀಖು.

“ಇದೇನ್ರೀ ಇದು? ಎಲ್ಲಾ ರೆಡಿ ಆಗಿವೆ!”

ಮೂರು ಸಲ ಕೇಳಿದ ಮೇಲೆ ಬಸ್ಸಿನ ಕಥೆ ಅವನ ಬಾಯಿಗೆ ಬಂತು. ಹೇಳುವಾಗ ತನಗೇ ಅಸಹ್ಯವಾಯಿತು.

“ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಲ್ಲ!” ಅಂದಳು. ಬೈಯುವುದಕ್ಕೆ ಇನ್ನೂ ಇತ್ತು, ಆದರೆ ಅದನ್ನು ಬಿಟ್ಟು ಕನ್ನಡಕಗಳನ್ನು ತಾರೀಖಿನ ಪ್ರಕಾರ ಜೋಡಿಸತೊಡಗಿದಳು. ನಾಲ್ಕು ದಿನದಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂರುವ ಆಪ್ತಸಲಹೆಗಾರ್ತಿಯ ಹತ್ತಿರ ಎಲ್ಲವನ್ನೂ ಹೇಳಿ, ಸಮಯ ಕೇಳಿಕೊಂಡು ಬಂದಳು.

ಆ ಮೆಟ್ಟಿಲು ಹತ್ತುವುದಿದೆಯಲ್ಲ, ಅದಕ್ಕಿಂತ ಜೈಲಿನ ಮೆಟ್ಟಿಲು ವಾಸಿ ಅನ್ನಿಸಿತು ಅವನಿಗೆ. ಅರ್ಧ ಹತ್ತಿದಾಗ ಬೇಕರಿಯವನು ಕೆಳಗಿನಿಂದ ಕೂಗಿದ: “ಏನಣ್ಣಾ, ಮೇಲೆ?”

“ಹಲ್ಲು ನೋವು!”

“ಹಲ್ಲಿನ ಡಾಕ್ಟ್ರು ಎದುರುಗಡೆ ಇರೋದು!”

ಥೂ ನನ್ನ ಜನ್ಮಕ್ಕಿಷ್ಟು ಅಂದುಕೊಂಡು ಉಳಿದ ಮೆಟ್ಟಿಲನ್ನು ಓಡಿಯೇ ಹತ್ತಿದ.

ಆಕೆ ಚಿಕ್ಕ ವಯಸ್ಸಿನವಳು. ಎರಡು ಕುರ್ಚಿ, ಒಂದು ಕಿಟಕಿ, ನೀರಿನ ಜಗ್ಗು. ಆಕೆಯ ಕನ್ನಡಕ ಎಡಕ್ಕೆ ವಾಲಿತ್ತು. ಇವನಿಗೆ ತಡೆಯಲಾಗಲಿಲ್ಲ, ಕೇಳಿ ಇಸಿದುಕೊಂಡು ಅಲ್ಲೇ ಸರಿ ಮಾಡಿ ಕೊಟ್ಟ. ಆಕೆ ನಕ್ಕಳು. “ಇದನ್ನ ಹದಿನಾಲ್ಕು ಸಲ ನೋಡ್ಲೇ ಇಲ್ಲವಲ್ಲ ನೀವು” ಅಂದಳು. ಅವನು ತಬ್ಬಿಬ್ಬಾದ.

“ಹೆದರಬೇಡಿ, ಏನೂ ಆಗಲ್ಲ” ಎಂದು ಆಕೆ ಒಮ್ಮೆಯೂ ಅನ್ನಲಿಲ್ಲ. ಪ್ರಶ್ನೆ ಕೇಳುವುದೇ ಆಕೆಯ ಕೆಲಸ.

“ತಪ್ಪು ಕನ್ನಡಕ ಹಾಕ್ಕೊಂಡೋರಿಗೆ ಏನಾಗುತ್ತೆ? ನಿಮ್ಮ ಅನುಭವದಲ್ಲಿ ಹೇಳಿ, ಭಯದಲ್ಲಿ ಬೇಡ.”

“ತಲೆನೋವು ಬರುತ್ತೆ. ವಾಪಸ್ ತರ್ತಾರೆ.”

“ಡ್ರಾಯರಲ್ಲಿರೋ ಕನ್ನಡಕದವರಿಗೆ ಏನಾಗುತ್ತೆ?”

ನಲವತ್ತು ಜನ ಬಸ್ಸಿನಲ್ಲಿ ಸಾಯುವುದನ್ನು ದಿನಾ ಊಹಿಸಿದವನು, ಈ ಹತ್ತೊಂಬತ್ತು ಜನ ಹೇಗಿದ್ದಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಕಿವಿಯ ತನಕ ಬಿಸಿಯೇರಿತು.

ಆಕೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಸಿ ಮೂರು ಕಾಲಂ ಮಾಡಿಸಿದಳು. ಏನಾಗುತ್ತದೆ ಎಂದು ಮನಸ್ಸು ಹೇಳುತ್ತಿದೆ, ಅದನ್ನು ನೂರಕ್ಕೆ ಎಷ್ಟು ನಂಬುತ್ತೀರಿ, ಕೊನೆಗೆ ನಿಜವಾಗಿ ಏನಾಯಿತು. ಪ್ರತಿ ಕನ್ನಡಕವನ್ನೂ ಎರಡೇ ಸಲ ನೋಡಬೇಕು, ಮೂರನೆಯ ಸಲ ಕೈ ಹೋದರೆ ಕೈ ಕಟ್ಟಿ ಕೂರಬೇಕು. ಸುಲಭದವರಿಂದ ಕಷ್ಟದವರ ತನಕ ಪಟ್ಟಿ ಮಾಡಿ, ಸುಲಭದವರಿಂದ ಶುರು ಮಾಡಿ, ತಾನೇ ಹೋಗಿ ಕೊಟ್ಟು ಬರಬೇಕು.

ಮೂರು ವಾರದಲ್ಲಿ ನಾಲ್ಕು ಕೊಟ್ಟ. ಒಬ್ಬರು ಥ್ಯಾಂಕ್ಸ್ ಅಂದರು, ಇಬ್ಬರು ಗೊಣಗಿದರು, ಒಬ್ಬರು ಬೇರೆ ಮಾಡಿಸಿಕೊಂಡಾಗಿತ್ತು. ನಾಲ್ವರಿಗೂ “ಲೆನ್ಸ್ ಈಗ ಬಂತು” ಎಂದೇ ಹೇಳಿದ್ದ. ಅದನ್ನು ಕೇಳಿ ಆಕೆ ಬೈಯಲಿಲ್ಲ. “ಪಟ್ಟಿಯ ಕೊನೇಲಿ ಯಾರಿದ್ದಾರೆ?” ಅಂದಳು.

ಕೊನೆಯಲ್ಲಿದ್ದದ್ದು ಕಾಜಾ ಅಜ್ಜಿ. ಮನೆಯಲ್ಲೇ ಕೂತು ಟೈಲರ್‌ಗಳಿಗೆ ಅಂಗಿಯ ಗುಂಡಿ ತೂರುವ ಕಾಜಾ ಹೊಲಿದುಕೊಡುವವಳು. ಹಳೆಯ ಕನ್ನಡಕದ ಮೇಲೆ ತಾನೇ ಕೂತು ಮುರಿದುಕೊಂಡಿದ್ದಳು. ಎರಡು ತಿಂಗಳಲ್ಲಿ ಐದು ಸಲ ಬಂದು ಹೋಗಿದ್ದಳು, ಐದು ಸಲವೂ ಅವನು ಅವಳ ಮುಖ ನೋಡದೆ ಅದೇ ಮಾತು ಹೇಳಿದ್ದ. ಆರನೆಯ ಸಲ ಅವಳು ಬರಲಿಲ್ಲ. ಅವಳ ಎದುರು ಈಗ ಇನ್ನೊಂದು ಸುಳ್ಳು ಹೇಳಲು ಅವನಿಗೆ ನಾಲಿಗೆ ಏಳುವಂತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದ: ‘ನಿಜ ಹೇಳಿದರೆ ಮುಖಕ್ಕೆ ಉಗಿಯುತ್ತಾಳೆ. ಬೀದಿಗೆಲ್ಲ ಸಾರುತ್ತಾಳೆ. ನೂರಕ್ಕೆ ತೊಂಬತ್ತೈದು.’ ಬರೆದು ನಾಲ್ಕು ಗಂಟೆಗೆ ಹೊರಟ.

ಅಜ್ಜಿ ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದಳು. ಕೈ ಖಾಲಿ ಇತ್ತು.

“ಅಮ್ಮಾ, ಕನ್ನಡಕ ತಂದಿದ್ದೀನಿ.” ಡಬ್ಬಿ ತೆರೆದು ಅವಳ ಕೈಗಿಟ್ಟ. “ಇದು ಈಗ ಬಂದಿದ್ದಲ್ಲ. ನೀವು ಮೊದಲನೇ ಸಲ ಕೇಳೋಕೆ ಬಂದ್ರಲ್ಲ, ಅವತ್ತೇ ರೆಡಿ ಇತ್ತು. ನನ್ನ ಡ್ರಾಯರಲ್ಲೇ ಇತ್ತು. ನಾನು ಸುಳ್ಳು ಹೇಳಿದೆ.”

ಅವಳು ಕನ್ನಡಕ ಹಾಕಿಕೊಂಡಳು. ತನ್ನ ಅಂಗೈ ನೋಡಿಕೊಂಡಳು, ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಸೆರಗಿನ ಅಂಚಿನ ಹೊಲಿಗೆ ನೋಡಿದಳು.

“ಹಾಗಾದ್ರೆ ನನ್ನ ಕಣ್ಣು ಹೋಗ್ತಾ ಇಲ್ವಾ?”

“ಏನಮ್ಮಾ?”

“ನೀನು ಪ್ರತಿ ಸಲ ಮುಖ ತಿರುಗಿಸ್ಕೊಂಡು ‘ಬಂದಿಲ್ಲಮ್ಮ’ ಅಂತಿದ್ಯಲ್ಲ. ಪಾಪ, ನನ್ನ ಕಣ್ಣಿಗೆ ಯಾವ ಕನ್ನಡಕಾನೂ ಆಗಲ್ಲ, ಹೇಳೋಕೆ ಇವನಿಗೆ ಬಾಯಿ ಬರ್ತಿಲ್ಲ ಅಂದ್ಕೊಂಡೆ ಕಣಪ್ಪಾ. ಇನ್ಯಾಕೆ ಅಂತ ಸೂಜಿ ದಾರ ಎಲ್ಲಾ ತಂಗಿ ಮಗಳಿಗೆ ಕೊಟ್ಬಿಟ್ಟೆ. ದಿನಾ ಕಣ್ಣು ಮುಚ್ಕೊಂಡು ಮನೇಲಿ ಓಡಾಡೋದು ಕಲೀತಿದ್ದೀನಿ. ಮಂಚದಿಂದ ಒಲೆಗೆ ಹನ್ನೊಂದು ಹೆಜ್ಜೆ. ಬಾಗಿಲಿಗೆ ಹದಿನಾರು.”

ಉಗಿದಿದ್ದರೆ ಒರೆಸಿಕೊಂಡು ಹೋಗಬಹುದಿತ್ತು. ಅವನಿಗೆ ಅಲ್ಲೇ ಸತ್ತುಹೋಗಬೇಕು ಅನ್ನಿಸುವಷ್ಟು ನಾಚಿಕೆಯಾಯಿತು. ಎರಡು ವರ್ಷ ಕಲ್ಪಿಸಿಕೊಂಡ ಸಾವಿರ ಅನಾಹುತಗಳಲ್ಲಿ ಇದೊಂದು ಇರಲಿಲ್ಲ, ನಡೆದದ್ದು ಮಾತ್ರ ಇದೊಂದೇ.

“ಇಲ್ಲಮ್ಮಾ. ನಿಮ್ಮ ಕಣ್ಣು ಚೆನ್ನಾಗಿದೆ. ನಂಬರು ಅರ್ಧ ಏರಿದೆ ಅಷ್ಟೇ.”

“ಅರ್ಧಾನಾ?”

“ಅರ್ಧ.”

“ಬರೀ ಅರ್ಧ ನಂಬರಿಗೆ ನನ್ನನ್ನ ಕುರುಡಿ ಮಾಡಿಟ್ಟಿದ್ಯಲ್ಲೋ!” ಎಂದು ಅಜ್ಜಿ ಅವನ ತೋಳಿಗೆ ರಪ್ಪನೆ ಹೊಡೆದಳು. ಹೊಡೆದ ಕೈಯಲ್ಲೇ ತೋಳು ಹಿಡಿದುಕೊಂಡು ಅತ್ತಳು. ಅವನೂ ಅತ್ತ. ಕ್ಷಮಿಸಿ ಎಂಬ ಮಾತು ಬಾಯಲ್ಲಿ ಬಂದರೂ ಅದನ್ನು ಆಡುವ ಯೋಗ್ಯತೆ ತನಗಿಲ್ಲ ಅನ್ನಿಸಿ ನುಂಗಿದ.

ಅಜ್ಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ಹಾಕಿಕೊಂಡಳು. ಈಗ ಅವನ ಮುಖವನ್ನೇ ದಿಟ್ಟಿಸಿದಳು.

“ಇನ್ನೂ ಯಾರ್‍ಯಾರದ್ದು ಇಟ್ಕೊಂಡಿದ್ದೀಯ?”

“ಹದಿನಾಲ್ಕು ಜನರದ್ದು.”

“ಮತ್ತೆ ಇಲ್ಲಿ ಅಳ್ತಾ ಏನ್ ಕೂತಿದ್ದೀಯ? ಏಳು. ಅವರು ಮನೇಲಿ ಕೂತು ಏನೇನ್ ಅಂದ್ಕೊಳ್ತಿದ್ದಾರೋ.”

ಅವನು ಎದ್ದ.