ಜಗಲಿಯಿಲ್ಲದ ಮಳಿಗೆ

ಅರವತ್ತರ ದಶಕದ ನಡುವಿನಲ್ಲಿ ರಿಪ್ಪನ್‌ಪೇಟೆಯ ಊರಾಚೆ, ಹುಂಚದ ದಾರಿಯಲ್ಲಿ, ಹೊಸ ಮಳಿಗೆ ಸಾಲೊಂದು ಎದ್ದಿತು. ಒಂದೇ ತಾರಸಿಯ ಕೆಳಗೆ ಎಂಟು ಅಂಗಡಿ. ಎಲ್ಲಕ್ಕೂ ಒಂದೇ ಅಳತೆ, ಒಂದೇ ಹಸಿರು ಬಾಗಿಲು, ಬಾಗಿಲ ಮೇಲೆ ನಂಬರು. ಬಟ್ಟೆ, ದಿನಸಿ, ಪಾತ್ರೆ ಎಲ್ಲ ಒಂದೇ ಕಡೆ ಸಿಕ್ಕರೆ ಜನ ಮುಗಿಬೀಳುತ್ತಾರೆ ಎಂದು ಕಟ್ಟಿಸಿದವರು ಹೇಳಿದರು. ನಂಬಿದವನು ನಾನೊಬ್ಬನೇ. ಉಳಿದ ಏಳು ಬಾಗಿಲು ತಿಂಗಳುಗಟ್ಟಲೆ ತೆರೆಯಲೇ ಇಲ್ಲ.

ನಿಜ ಹೇಳಬೇಕೆಂದರೆ ಜಂಬಕ್ಕೆ ಹೋದೆ. ಪೇಟೆ ಬೀದಿಯಲ್ಲಿ ಅಣ್ಣನೂ ನಾನೂ ನಡೆಸುತ್ತಿದ್ದ ಬಟ್ಟೆ ಅಂಗಡಿಯಲ್ಲಿ ಅವನ ಮಾತೇ ಮಾತು. ಹೊಸ ಮಳಿಗೆಯ ಸುದ್ದಿ ಎತ್ತಿದಾಗ ಅವನು ಕತ್ತರಿ ಕೆಳಗಿಡದೆ, "ಅಲ್ಲಿ ಬಟ್ಟೆ ತಗಳಕ್ಕೆ ಮಂಗ ಬರ್ತಾವೇನೋ?" ಅಂದ. ಗಿರಾಕಿಗಳು ನಕ್ಕರು. ಮಾರನೆಯ ವಾರವೇ ನನ್ನ ಪಾಲಿನ ಬಟ್ಟೆಯ ಥಾನುಗಳನ್ನು ಗಾಡಿಗೆ ಹೇರಿದೆ.

ಹಳೆಯ ಅಂಗಡಿಗೆ ಜಗಲಿಯಿತ್ತು. ಬಂದವರು ಕೂತು, ಎಲೆಅಡಿಕೆಯ ಕವಳ ಹಾಕಿ, ಊರ ಸುದ್ದಿ ಮುಗಿಸಿ, ಆಮೇಲೆ ಬಟ್ಟೆ ಮುಟ್ಟುತ್ತಿದ್ದರು. ಯಾರನ್ನೂ ಒಳಗೆ ಕರೆಯಬೇಕಾಗಿರಲಿಲ್ಲ. ಹೊಸದಕ್ಕೆ ಜಗಲಿಯಿಲ್ಲ, ಬಾಗಿಲು ದಾಟಿದರೆ ನೇರ ಒಳಗೇ. ನಂಬರು ಕಂಡ ಹಳ್ಳಿಯವರು ಅದನ್ನು ಕಚೇರಿ ಎಂದುಕೊಂಡು, ಚಪ್ಪಲಿ ಹೊರಗೆ ಬಿಟ್ಟು ಕೈಕಟ್ಟಿ ನಿಲ್ಲುತ್ತಿದ್ದರು. ಒಬ್ಬ ಮುದುಕ ಬಹಳ ಹೊತ್ತು ನಿಂತು, "ಅಮಲ್ದಾರ್ರು ಬಂದ್ರಾ?" ಎಂದು ಕೇಳಿದ. "ನಾನೇ, ಒಳಗೆ ಬನ್ನಿ ಮಾರಾಯ್ರೆ" ಅಂದೆ. ಅವನು ಇನ್ನೂ ಎರಡು ಹೆಜ್ಜೆ ಹಿಂದೆ ಸರಿದ.

ನಗು ಬಂತು, ಜೊತೆಗೆ ನಗಲು ಯಾರೂ ಇರಲಿಲ್ಲ. ಇದನ್ನು ಅಣ್ಣನಿಗೆ ಹೇಳಬೇಕಿತ್ತು. ವ್ಯಾಪಾರಕ್ಕಿಂತ ನನಗೆ ಅವನೇ ಬೇಕಾಗಿದ್ದ. ಒಂದು ಸಲ ಅವನಾಗಿಯೇ ಬರಲಿ, ಎಲ್ಲ ಕಟ್ಟಿಕೊಂಡು ಹಳೆಯ ಅಂಗಡಿಗೆ ವಾಪಸ್ ಹೋಗುತ್ತೇನೆ ಎಂದು ದಿನವೂ ರಸ್ತೆ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಬಂದ. ಬಿಸಿಲಲ್ಲಿ ನಡೆದು ಬೆವರಿದ್ದ. ಎಲ್ಲರಂತೆ ಚಪ್ಪಲಿ ಬಿಟ್ಟು ಹೊರಗೇ ನಿಂತ. ಒಡಹುಟ್ಟಿದವನನ್ನು ಕರೆಯುವುದೇನು, ಬರಬೇಕೆಂದಿದ್ದರೆ ಬರುತ್ತಾನೆ ಎಂದು ನಾನು ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಅವನು ತಾರಸಿ ನೋಡಿದ, ಗೋಡೆ ನೋಡಿದ.

"ಗಾಳಿ ಬೆಳಕು ಚೆನಾಗಿದೆ" ಅಂದ.

"ಹ್ಞೂಂ" ಅಂದೆ, ತಲೆಯೆತ್ತದೆ.

ಇನ್ನಷ್ಟು ಹೊತ್ತು ನಿಂತ. ಆಮೇಲೆ ಚಪ್ಪಲಿ ಮೆಟ್ಟಿದ ಸದ್ದು ಕೇಳಿಸಿತು.

"ಒಳಗೆ ಬಾ ಅಣ್ಣ" ಎಂದು ನಾನು ಅಂದದ್ದು ಅವನು ಪೇಟೆಯ ತಿರುವು ದಾಟಿದ ಮೇಲೆ.