ಸೊಂಡಿಲು ಹುಳದ ಮನೆತನ

ಮಾನ್ವಿಯ ದೊಡ್ಡಪ್ಪನವರ ಕಾಳಿನ ಅಂಗಡಿಗೆ ಹೋದರೆ ಜೋಳಕ್ಕಿಂತ ಮೊದಲು ಜೋಳದ ಹುಳದ ಕುಲಗೋತ್ರ ಕೇಳಬೇಕು. ಒಂದನ್ನು ಅಂಗೈ ಮೇಲೆ ಬಿಟ್ಟುಕೊಂಡು, "ಮುಂದ ಸೊಂಡಿಲು ಅದ ನೋಡ್ರಿ, ಇದು ಖರೇ ಮನಿತನದ್ದು. ಮಾವಿನ ಬೀಜದಾಗಿಂದು ಇದರ ಅಣ್ಣ, ಗೆಣಸಿನಾಗಿಂದು ತಮ್ಮ," ಎನ್ನುತ್ತಾರೆ. ಹೆಸರುಕಾಳಿನ ಹುಳಕ್ಕೆ ಮಾತ್ರ ಅವರಲ್ಲಿ ಮರ್ಯಾದೆಯಿಲ್ಲ: "ಸೊಂಡಿಲಿಲ್ಲ, ಏನಿಲ್ಲ. ಅದು ನಮ್ಮ ಪೈಕಿ ಅಲ್ಲ ಬಿಡ್ರಿ!" ಬಿಸಿಲಿಗೆ ಜೋಳ ಹರವಿದಾಗ ಹುಳವೊಂದನ್ನು ಬೆರಳಿನಿಂದ ಮುಟ್ಟುತ್ತಾರೆ, ಅದು ಕಾಲು ಮಡಚಿ ಸತ್ತಂತೆ ಬೀಳುತ್ತದೆ. "ಎಂಥಾ ನಾಟಕ!" ಎಂದು ಹೊಟ್ಟೆ ಕುಣಿಸಿ ನಗುತ್ತಾರೆ. ಅದು ಎದ್ದು ಓಡುವತನಕ ಗಿರಾಕಿಗೆ ಜೋಳ ತೂಗುವುದಿಲ್ಲ. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಒಂದು ದಿನ, ಸರಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಲೆವಿ ಜೋಳದ ವಸೂಲಿಯವರು ಮನೆಮನೆ ಹುಡುಕುತ್ತ ಬಂದರು. ದೊಡ್ಡಪ್ಪನವರು ಪಡಸಾಲೆಯ ನೆಲದೊಳಗೆ ಜೋಳ ತುಂಬಿದ್ದ ಹಗೇವಿನ ಬಾಯಿ ಮುಚ್ಚಿ, ಮೇಲೆ ಚಾಪೆ ಹಾಸಿ, ಕಾಲು ಮಡಚಿ ಬಿದ್ದುಕೊಂಡರು. "ನನ್ನ ಬಿಟ್ಟು ಹೋದ್ರಲ್ರೀ!" ಎಂದು ಹೆಂಡತಿ ಸೂಗಮ್ಮ ಅತ್ತಳು. ವಸೂಲಿ ಸಾಹೇಬರು ಬೆತ್ತದಿಂದ ಮುಟ್ಟಿದರು, ದೊಡ್ಡಪ್ಪನವರು ಮಿಸುಕಲಿಲ್ಲ. ಅವರು ಹೋದ ಮೇಲೆ ಕೂಲಿಯ ಗೋಪಮ್ಮ ನಿಜವಾಗಿಯೇ ಅಳುತ್ತ ಓಡಿಬಂದಳು. ಹೆಣ ಒಂದು ಕಣ್ಣು ತೆರೆಯಿತು: "ಸುಮ್ನಿರು ಬೇ. ನಿಮ್ಮ ಕೇರಿಯವ್ರು ಇಡಾಕ ಕೊಟ್ಟ ಜೋಳ ಎಲ್ಲಾ ನನ್ನ ಬೆನ್ನ ಕೆಳಗ ಅದ."