ದೂರ ಸರಿದ ಹಾರ್ನಿನ ದನಿ

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಅರ್ಜಿಗಳನ್ನು ಬಿಟ್ಟರೆ ನಾನು ಬರೆಯುತ್ತಿರುವ ಮೊದಲ ಬರಹವಿದು. ತಪ್ಪಿದ್ದಲ್ಲಿ ಮನ್ನಿಸಬೇಕು. ಕಾರಣವಿಲ್ಲದ ಘಟನೆ ಇರಲಾರದೆಂದೇ ನಂಬಿದ್ದ ವಿಜ್ಞಾನ ಶಿಕ್ಷಕ ನಾನು. ಎಪ್ಪತ್ತರ ದಶಕದ ಒಂದು ಸಂಜೆಯ ತರುವಾಯ ಹಾಗೆನ್ನಲು ಧೈರ್ಯ ಸಾಲದು.

ಆಗ ದೊಡವಾಡದ ಶಾಲೆಯಲ್ಲಿ ನಕ್ಷತ್ರಗಳ ವೇಗ ಅಳೆಯುವ ಬಗೆಯನ್ನು ಕಲಿಸುತ್ತಿದ್ದೆ. ನಮ್ಮತ್ತ ಬರುವ ನಕ್ಷತ್ರದ ಬೆಳಕು ನೀಲಿಯ ಕಡೆಗೂ, ದೂರ ಸರಿಯುವುದರ ಬೆಳಕು ಕೆಂಪಿನ ಕಡೆಗೂ ತುಸು ವಾಲುತ್ತದೆ. ಇದನ್ನು ಮನದಟ್ಟು ಮಾಡಿಸಲು ಬೈಲಹೊಂಗಲದಿಂದ ಬರುವ ಸಂಜೆ ಬಸ್ಸಿನ ಹಾರ್ನನ್ನು ಬಳಸಿಕೊಂಡಿದ್ದೆ. ರಸ್ತೆಬದಿಗೆ ಹಾರ್ಮೋನಿಯಂ ಇಟ್ಟುಕೊಂಡು, ನಿಂತ ಬಸ್ಸಿನ ಸ್ವರಕ್ಕಿಂತ ಹಾರ್ನಿನ ದನಿ ಬರುವಾಗ ಎಷ್ಟು ಏರುತ್ತದೆ, ದಾಟಿದ ಮೇಲೆ ಎಷ್ಟು ಇಳಿಯುತ್ತದೆ ಎಂದು ಮಕ್ಕಳೊಡನೆ ಹೋಲಿಸಿದ್ದೆ. ಸದರಿ ಹಾರ್ನಿನ ಒಡಕು ದನಿ ನನ್ನ ಕಿವಿಯಲ್ಲಿ ಕೂತುಬಿಟ್ಟಿತ್ತು.

ಆ ಸಂಜೆ ನನ್ನ ಹೆಂಡತಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಕಾಣಿಸಿಕೊಂಡಿತು. ನೆರೆಮನೆಯ ಬಸಪ್ಪನವರು ಎತ್ತಿನ ಚಕ್ಕಡಿ ಹೂಡಿದರು. ಬೈಲಹೊಂಗಲದ ಆಸ್ಪತ್ರೆಯ ದಾರಿಯಲ್ಲಿ ಒಂದೇ ವಾಹನ ಹಿಡಿಸುವ ಹಳ್ಳದ ಸೇತುವೆಯಿದೆ. ಆಚೆಯ ತಿರುವು ಜೋಳದ ಬೆಳೆಯಲ್ಲಿ ಮರೆಯಾಗಿತ್ತು. ಬಸ್ಸಿನವರು ದೂರದಿಂದಲೇ ಹಾರ್ನ್ ಒತ್ತಿ ಹಿಡಿಯುವುದು, ಚಕ್ಕಡಿಯವರು ಈಚೆ ನಿಲ್ಲುವುದು ಅಲ್ಲಿನ ರೂಢಿ.

ಹಾರ್ನ್ ಕೇಳಿಸಿತು. ಬಸಪ್ಪನವರು ಹಗ್ಗ ಜಗ್ಗಿದರು.

“ಬಸ್ ಬರಾಕ್ಹತ್ತೈತ್ರೀ ಸರ, ನಿಂದ್ರೂಣು.”

ಕಿವಿಗೊಟ್ಟೆ. ಅದೇ ಒಡಕು ದನಿ. ಆದರೆ ನಿಂತ ಬಸ್ಸಿನ ಸ್ವರಕ್ಕಿಂತ ಸ್ಪಷ್ಟವಾಗಿ ಕೆಳಗಿತ್ತು.

“ಇಲ್ಲ, ಅದು ದೂರ ಹೊಂಟೈತಿ. ಹೊಡೀರಿ.”

“ಊರಿಗೆ ಬರೂ ಬಸ್ಸು ತಿರುಗಿ ಯಾಕ ಹೋಗತೈತ್ರೀ?”

ಹೆಂಡತಿ ನರಳುತ್ತಲೇ ಗದರಿದಳು: “ನಿಮ್ಮ ಪಾಠ ಆಮ್ಯಾಲ ಮಾಡ್ರಿ, ಮೊದಲ ದಾಟ್ರಿ!”

ಸೇತುವೆಯ ನಡುವಿದ್ದಾಗ ತಿರುವಿನಿಂದ ಬಸ್ಸು ನೇರ ನಮ್ಮೆದುರಿಗೇ ಬಂತು. ಬ್ರೇಕು ಕಿರುಚಿ, ಎತ್ತಿನ ಕೊಂಬಿಗೆ ತಾಗುವಷ್ಟು ಹತ್ತಿರ ನಿಂತಿತು.

ಡ್ರೈವರ್ ಜಿಗಿದಿಳಿದ. “ಸಾಯಾಕ ಬಂದೀರೇನ್ರೀ ಸರ?”

“ನಿಮ್ಮ ಹಾರ್ನ್ ಕೇಳಿ…”

“ಯಾವ ಹಾರ್ನ್ರೀ? ಮುಂಜಾನಿಂದ ಕೆಟ್ಟ ಕುಂತೈತಿ. ಬೇಕಾದ್ರ ಒತ್ತಿ ನೋಡ್ರಿ.”

ಒತ್ತಿದೆ. ಸದ್ದಿರಲಿಲ್ಲ. ದಾರಿಯಲ್ಲಿ ಬೇರಾವ ವಾಹನವೂ ಎದುರಾಗಿಲ್ಲವೆಂದು ಕಂಡಕ್ಟರ್ ಹೇಳಿದ.

ಅಷ್ಟರಲ್ಲಿ ಡ್ರೈವರ್ ಚಕ್ಕಡಿಯೊಳಗೆ ನನ್ನ ಹೆಂಡತಿಯನ್ನು ಕಂಡವನೇ ಮಾತು ನಿಲ್ಲಿಸಿ, ಪ್ರಯಾಣಿಕರನ್ನು ಇಳಿಸಿ, ನಮ್ಮನ್ನು ಹತ್ತಿಸಿಕೊಂಡು ಬಸ್ಸು ತಿರುಗಿಸಿದ. “ಚಕ್ಕಡ್ಯಾಗ ಬಂದಿದ್ರ ತಾಯಿ ಮಗು ಇಬ್ರೂ ಉಳೀತಿದ್ದಿಲ್ರೀ” ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿದರು. ಮಗಳು ಹುಟ್ಟಿದಳು.

ರೂಢಿಯಂತೆ ಈಚೆ ನಿಂತಿದ್ದರೆ ಬಸ್ಸು ನಮ್ಮನ್ನು ದಾಟಿ ಊರಿಗೆ ಹೋಗಿರುತ್ತಿತ್ತು. ಅದನ್ನು ತಡೆದು ತಿರುಗಿಸುವ ಯೋಚನೆ ನನಗೆ ಹೊಳೆದಿರಲಿಲ್ಲ. ದನಿಯನ್ನು ಬಸಪ್ಪನವರೂ ಕೇಳಿದ್ದರಿಂದ ಭ್ರಮೆಯೆನ್ನಲಾರೆ. ದನಿ ಇಳಿದಿತ್ತು, ಅಷ್ಟು ಮಾತ್ರ ಖಚಿತ. ಆ ಸಂಜೆ ನಮ್ಮಿಂದ ದೂರ ಸರಿದು ಹೋದದ್ದು ಏನು ಎಂಬ ಬಗ್ಗೆ ನನ್ನಲ್ಲಿ ಯಾವ ವಿವರಣೆಯೂ ಇರುವುದಿಲ್ಲ.